ಜಲಕೇಳಿಯೂ ಜಲಸ್ಪರ್ಧೆಯೂ

ದೇವನಹಳ್ಳಿ ತಾಲ್ಲೂಕಿಗೆ ಸೇರಿದ ಕುಂದಾಣವು ಈಗ ಒಂದು ಹೋಬಳಿಯ ಮುಖ್ಯ ಗ್ರಾಮವಾಗಿದೆ. ಹದಿಮೂರನೆಯ ಶತಮಾನದ ನಡುವೆ ಹೊಯ್ಸಳ ಸೋಮೇಶ್ವರನ ರಾಜ್ಯವು ಅವನ ಇಬ್ಬರು ಮಕ್ಕಳಿಗೆ ಹಂಚಿಹೋದಾಗ, ದೋರಸಮುದ್ರವು ಮುಮ್ಮಡಿ ನರಸಿಂಹನಿಗೂ ತಮಿಳು ಸೀಮೆಯು ರಾಮನಾಥನಿಗೂ ಬಂದುವು. ಪಾಂಡ್ಯರ ಒತ್ತಡವನ್ನು ತಾಳಲಾರದೆ ರಾಮನಾಥನು ಶ್ರೀರಂಗದ ಬಳಿಯ ಕಣ್ಣನೂರನ್ನು ಬಿಟ್ಟು ಕುಂದಾಣಿಗೆ ಬಂದು ನೆಲಸಿದನು. ಆ ಕುಂದಾಣಿಯು ದೇವನಹಳ್ಳಿಯ ಕಡೆಯ ಈ ಕುಂದಾಣವೇ ಎಂದು ಕೆಲವರು ವಿದ್ವಾಂಸರು ಹೇಳುವರು. ಹೊಸೂರು ಸೀಮೆಯ ಕುಂದಾಣಿಯೆಂದು ಮತ್ತೆ ಕೆಲವರ ಮತ. ಆ ವಿವಾದವನ್ನು ಇಲ್ಲಿ ತೀರ್ಮಾನಿಸುವ ಅಗತ್ಯವಿಲ್ಲ. ಎರಡರಲ್ಲಿ ಯಾವುದನ್ನು ಒಪ್ಪಿದರೂ, ಕಾವೇರಿಯ ಮಡಿಲಿನಲ್ಲಿದ್ದ ಒಂದು ಅರಮನೆಯು ಮಹಾನದಿಯಿಲ್ಲದ ಎತ್ತರದ ನಾಡಿಗೆ ಏರಿಬಂದಿತೆಂಬ ಅಂಶವು ನಿಲ್ಲುತ್ತದೆ. ನಂದಿದುರ್ಗದ ಸಾಲಿನಲ್ಲಿ ಹುಟ್ಟುವ ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ದೇವನಹಳ್ಳಿ ಸೀಮೆಯ ಎರಡು ಮಗ್ಗುಲುಗಳಲ್ಲಿ ಹರಿದರೂ, ಮಳೆಗಾಲವು ಕಳೆದ ಮೇಲೆ ಅವುಗಳಲ್ಲಿ ಈಸುವಷ್ಟು ನೀರು ನಿಲ್ಲುವುದಿಲ್ಲ. ಇಲ್ಲಿಯ ಜನಕ್ಕೆ ನೀರೆಂದರೆ ಕೆರೆ, ಕಲ್ಯಾಣಿ, ಬಾವಿ. ಇಲ್ಲಿ ಈಜನ್ನು ಕಲಿತವರು ಈ ಮೂರರಲ್ಲಿಯೇ ಕಲಿತರು.

ಈಚಿನ ದಶಕಗಳಲ್ಲಿ ಕನ್ನಡನಾಡಿನ ಈಜುಗಾರರು ಒಲಿಂಪಿಕ್, ಏಷ್ಯನ್ ಮೊದಲಾದ ಅಂತರರಾಷ್ಟ್ರೀಯ ಕ್ರೀಡಾಮೇಳಗಳಲ್ಲಿ ಕಾಣಿಸಿಕೊಂಡಿರುವರು. ಅದರೊಡನೆ, ಜಲಕ್ರೀಡೆಯು ನಮ್ಮ ಪೂರ್ವಿಕರಲ್ಲಿ ಪ್ರಸಿದ್ಧವಾಗಿದ್ದಿತು, ಇಂದಿನ ಈಜಿನ ಪಂದ್ಯವು ಅದರ ಮುಂದುವರಿಕೆಯೇ ಎಂಬ ಮಾತು ಸಭೆಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಕೇಳಿಬರುವುದುಂಟು. ಪ್ರಾಚೀನ ಕಾವ್ಯವನ್ನು ಬೋಧಿಸುವವರಿಗೆ ಈ ಮಾತು ಸುಲಭವಾಗಿಯೂ ಹಿತವಾಗಿಯೂ ತೋರುವುದು ಸಹಜ. ಅದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಆಧಾರಗಳಿಂದ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೧

ಮೊದಲು ಶಬ್ದವನ್ನು ನೋಡೋಣ. ಇಂದಿನ ‘ಈಜು’ ಹಳಗನ್ನಡದ ‘ಈಸು’ ಎಂಬುದರ ರೂಪ. ತಮಿಳಿನ ಮತ್ತು ತುಳುವಿನ ‘ನೀಂದು’, ತೆಲುಗಿನ ‘ಈದು’ ಇದರ ಜ್ಞಾತಿಗಳು. ಇದು ದ್ರಾವಿಡ ಭಾಷೆಗಳ ಸಾಮಾನ್ಯ ಸೊತ್ತಾಗಿ, ಹೊಳೆ ದಾಟುವವನ, ಮೀನು ಹಿಡಿಯುವವನ, ಕೆರೆಯಲ್ಲಿ ದನ ಮೈತೊಳೆಯುವವನ ಬಾಯಲ್ಲಿ ಬೆಳೆದುಬಂದ ಮಾತು. ಜಲಕ್ರೀಡೆ, ಜಲಕೇಳಿ, ಸಲಿಲಕ್ರೀಡೆ ಎಂಬುವು ಸಂಸ್ಕೃತದಿಂದ ಬಂದು ಕಾವ್ಯದಲ್ಲಿಯೂ ಆಸ್ಥಾನದಲ್ಲಿಯೂ ನೆಲಸಿದ ಮಾತುಗಳು. ಎರಡು ಬಗೆಯ ಮಾತುಗಳು ಎರಡು ಬಗೆಯ ಕಾರ್ಯಗಳನ್ನು ಹೇಳುವುವು. ಈಸುವುದೆಂದರೆ ಆಳವಾದ ನೀರಿನಲ್ಲಿ ಮುಳುಗದೆ ಮುಂದೆ ಸಾಗುವುದು. ಜಲಕೇಳಿಯಲ್ಲಿ ಸಾಗುವ ಪ್ರಸಕ್ತಿಯೇ ಇಲ್ಲ. ನೀರಿನಲ್ಲಿ ನಿಂತು ಒಬ್ಬರ ಮೇಲೊಬ್ಬರು ನೀರೆರಚುವುದು, ಅಡಗುವುದು, ಹಿಡಿಯುವುದು ಅದರ ಲಕ್ಷಣ. ವಾತ್ಸ್ಯಾಯನನು ಎಣಿಸಿದ ಅರುವತ್ತನಾಲ್ಕು ಕಲೆಗಳಲ್ಲಿ ನೀರಿಗೆ ಸಂಬಂಧಪಟ್ಟವು ಉದಕವಾದ್ಯ ಮತ್ತು ಉದಕಾಘಾತ. ಮೊದಲನೆಯದು ನೀರನ್ನು ಮದ್ದಳೆಯಂತೆ ನುಡಿಸುವುದು. ಎರಡನೆಯದು ಕೈಗಳಿಂದ ನೀರನ್ನು ಚಿಮ್ಮಿಸಿ ಹೊಡೆಯುವುದು. ವೇಗವಾಗಿ ಈಸುವುದು ಅಲ್ಲಿ ಒಂದು ಕಲೆಯಾಗಿ ಎಣಿಕೆಗೊಂಡಿಲ್ಲ.

ಮಹಾಕಾವ್ಯಕ್ಕೆ ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ಜಲಕೇಳಿಯೂ ಒಂದು. ವನವಿಹಾರದಿಂದ ದಣಿದ ನಾಯಕನು ಪರಿವಾರದೊಡನೆ ಕೊಳಕ್ಕಿಳಿಯುವುದು, ಸ್ತ್ರೀಯರ ತಿಲಕವು ಕರಗುವುದು, ಮುಡಿಯ ಹೂವು ತೇಲುವುದು, ತಾವರೆಗೂ ಮುಖಕ್ಕೂ ಭೇದ ತಿಳಿಯದೆ ದುಂಬಿಗಳು ಭ್ರಮಿಸುವುದು: ಇವೆಲ್ಲ ಕವಿಸಮಯಗಳು. ಪಂಪನಿಂದ ತೊಡಗಿ ನಮ್ಮ ಚಂಪೂಕವಿಗಳು ಈ ವರ್ಣನೆಯನ್ನು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಬೆಳಗಿಸಿರುವರು. ಆದರೆ ಇವುಗಳಲ್ಲಿ ಗೆದ್ದವರು ಯಾರು, ಎಷ್ಟು ದೂರ, ಎಷ್ಟು ಹೊತ್ತು ಎಂಬ ಪ್ರಶ್ನೆಗಳು ಏಳುವುದೇ ಇಲ್ಲ. ಇದು ಕವಿಗಳ ಕೊರತೆಯಲ್ಲ. ಶೃಂಗಾರಕ್ಕೆ ಆ ಪ್ರಶ್ನೆಗಳು ಬೇಕಾಗಿಲ್ಲ.

ಬಲಾಬಲಗಳ ಪರೀಕ್ಷೆಯಾಗಿ ನೀರು ಬರುವುದು ಭಾರತಕಥೆಯ ಬೇರೆ ಸಂದರ್ಭಗಳಲ್ಲಿ. ಬಾಲಕನಾದ ಭೀಮನು ನೀರಾಟದಲ್ಲಿ ಹತ್ತು ಮಂದಿ ಕೌರವರನ್ನು ಒಟ್ಟಿಗೆ ತೋಳುಗಳಲ್ಲಿ ಹಿಡಿದು ಮುಳುಗಿಸಿ, ಸತ್ತಂತಾದಾಗ ಬಿಡುತ್ತಿದ್ದನೆಂದು ಆದಿಪರ್ವವು ಹೇಳುತ್ತದೆ. ಆ ಹಗೆಯೇ ಬೆಳೆದು, ಪ್ರಮಾಣಕೋಟಿಯಲ್ಲಿ ನೀರಾಟದ ನೆವದಿಂದಲೇ ಭೀಮನಿಗೆ ವಿಷವಿಕ್ಕಿ ಗಂಗೆಗೆ ತಳ್ಳುವಲ್ಲಿ ಮುಗಿಯುತ್ತದೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದೊಳಗೆ ಅಡಗುವನು. ಉಸಿರು ಕಟ್ಟುವುದು, ಆಳ, ಮುಳುಗಡೆಯ ಭಯ ಇವು ಕವಿಗಳಿಗೆ ತಿಳಿಯದ ವಿಷಯಗಳಾಗಿರಲಿಲ್ಲ. ಅವನ್ನು ಜಲಕೇಳಿಯ ವರ್ಣನೆಗೆ ಸೇರಿಸದೆ ವೀರ, ಭಯಾನಕ ಪ್ರಸಂಗಗಳಿಗೆ ಮೀಸಲಿಟ್ಟರು ಎಂಬುದು ಗಮನಾರ್ಹ.

೨

ಈ ವಿಭಾಗವು ಇನ್ನೂ ಸ್ಪಷ್ಟವಾಗಿ ಕಾಣುವುದು ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ. ಶಕ ೧೦೫೧ರ, ಎಂದರೆ ಕ್ರಿ. ಶ. ೧೧೨೯ರ ಸುಮಾರಿನ ಈ ಗ್ರಂಥವು ಐದು ವಿಂಶತಿಗಳಾಗಿ, ನೂರು ಅಧ್ಯಾಯಗಳಾಗಿ ರಚಿತವಾಗಿದೆ. ಕೊನೆಯದಾದ ಕ್ರೀಡಾವಿಂಶತಿಯಲ್ಲಿ ಭೂಧರಕ್ರೀಡೆ, ವನಕ್ರೀಡೆ, ಆಂದೋಲನಕ್ರೀಡೆ ಮುಂತಾದುವುಗಳೊಡನೆ ಸಲಿಲಕ್ರೀಡೆಯೂ ಬರುತ್ತದೆ. ಅದು ಅರಸನೂ ಅಂತಃಪುರವೂ ಬೇಸಗೆಯಲ್ಲಿ ಅನುಭವಿಸುವ ಸುಖ. ಕಾವ್ಯದ ಜಲಕೇಳಿಯೇ ಇಲ್ಲಿ ಶಾಸ್ತ್ರವಾಗಿದೆ.

ಆದರೆ ಅದೇ ಗ್ರಂಥದ ನಾಲ್ಕನೆಯ ವಿಭಾಗವಾದ ವಿನೋದವಿಂಶತಿಯ ಮಲ್ಲವಿನೋದದಲ್ಲಿ ನೀರು ಇನ್ನೊಂದು ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಅರಸನ ಮುಂದೆ ಸೆಣಸಬೇಕಾದ ಜಟ್ಟಿಗಳಿಗೆ ಗ್ರಂಥಕಾರನು ಹಲವು ಶ್ರಮಗಳನ್ನು ವಿಧಿಸುತ್ತಾನೆ: ಭಾರವನ್ನೆತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ತೋಳಿಗೆ ತೋಳು ಕೊಟ್ಟು ನೂಕುವ ಬಾಹುಪೆಲ್ಲಣ, ಕಂಬವನ್ನು ಹಿಡಿದು ಮಾಡುವ ಸ್ತಂಭಶ್ರಮ. ಇವುಗಳ ನಡುವೆ ಸಲಿಲಶ್ರಮವೂ ಸೇರಿದೆ. ನೀರಿಗಿಳಿದು ತೋಳುಗಳಿಂದ ನೀರನ್ನು ಹೊಡೆದು ದೂಡಿ ಬಲವನ್ನು ಸಂಪಾದಿಸುವ ಅಭ್ಯಾಸವಿದು.

ಒಬ್ಬನೇ ಗ್ರಂಥಕಾರನು ಒಂದೇ ಗ್ರಂಥದಲ್ಲಿ ನೀರನ್ನು ಎರಡೆಡೆ ಇಟ್ಟು, ಒಂದನ್ನು ಕ್ರೀಡೆಯೆಂದೂ ಒಂದನ್ನು ಶ್ರಮವೆಂದೂ ಕರೆದಿರುವುದು ಆಕಸ್ಮಿಕವಾಗಲಾರದು. ಶ್ರಮಕ್ಕೆ ನಿಯಮವುಂಟು, ದಿನಚರಿಯುಂಟು, ಆಹಾರದ ಕಟ್ಟುಪಾಡುಂಟು, ಕೊನೆಗೆ ಎದುರಾಳಿಯುಂಟು. ಇಂದಿನ ಸ್ಪರ್ಧೆಯ ಈಜಿಗೆ ನಮ್ಮ ಪರಂಪರೆಯಲ್ಲಿ ಪೂರ್ವಿಕರನ್ನು ಹುಡುಕುವುದಾದರೆ, ತಾವರೆಗೊಳದ ಬಳಿಗೆ ಹೋಗದೆ ಗರಡಿಯ ಬಳಿಗೆ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಆದರೂ ಅಲ್ಲಿ ಕೂಡ ಈಜು ಮಲ್ಲಯುದ್ಧಕ್ಕೆ ಸಾಧನವೇ ಹೊರತು ತಾನೇ ಒಂದು ಪಂದ್ಯವಲ್ಲ ಎಂಬುದನ್ನು ಮರೆಯಬಾರದು.

೩

ಈಜು ತಾನೇ ಒಂದು ಪಂದ್ಯವಾದುದು ಹೇಗೆ? ಯೂರೋಪಿನಲ್ಲಿಯೂ ಇದು ಬಹಳ ಹಳೆಯ ಮಾತಲ್ಲ. ೧೮೯೬ರಲ್ಲಿ ಅಥೆನ್ಸಿನಲ್ಲಿ ನಡೆದ ಮೊದಲನೆಯ ಆಧುನಿಕ ಒಲಿಂಪಿಕ್ ಮೇಳದಲ್ಲಿ ಈಜಿನ ಪಂದ್ಯಗಳು ಸಮುದ್ರದ ಕೊಲ್ಲಿಯಲ್ಲಿ ಚಳಿಯ ನೀರಿನಲ್ಲಿ ಜರುಗಿದುವು. ಹಂಗೆರಿಯ ಆಲ್‌ಫ್ರೆಡ್ ಹಾಯೋಷ್ ಎರಡು ಪಂದ್ಯಗಳನ್ನು ಗೆದ್ದನು. ೧೯೦೦ರಲ್ಲಿ ಪ್ಯಾರಿಸಿನ ಸೇನ್ ನದಿಯಲ್ಲಿಯೂ, ೧೯೦೪ರಲ್ಲಿ ಸೇಂಟ್ ಲೂಯಿಯ ಒಂದು ತೋಡಿದ ಕೊಳದಲ್ಲಿಯೂ ಈಜಿದರು. ಧುಮುಕುವ ಪಂದ್ಯವು ಮೇಳವನ್ನು ಪ್ರವೇಶಿಸಿದುದು ಈ ೧೯೦೪ರಲ್ಲಿಯೇ. ೧೯೦೮ರಲ್ಲಿ ಲಂಡನ್ನಿನ ಕ್ರೀಡಾಂಗಣದೊಳಗೆ ಕಟ್ಟಿದ ಕೊಳವು ಬಂದಿತು. ಅದೇ ವರ್ಷ ಈಜಿನ ಅಂತರರಾಷ್ಟ್ರೀಯ ಒಕ್ಕೂಟವೂ ಸ್ಥಾಪಿತವಾಯಿತು. ೧೯೧೨ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ತ್ರೀಯರಿಗೂ ಈಜಿನಲ್ಲಿ ಮತ್ತು ಧುಮುಕುವಿಕೆಯಲ್ಲಿ ಪ್ರವೇಶ ದೊರೆಯಿತು. ೧೯೨೪ರಲ್ಲಿ ಪ್ಯಾರಿಸಿನಲ್ಲಿ ೫೦ ಮೀಟರು ಉದ್ದದ, ಸಾಲುಗಳನ್ನು ಗುರುತಿಸಿದ ಕೊಳವು ಬಳಕೆಗೆ ಬಂದಿತು.

ಈ ಮೂವತ್ತು ವರ್ಷಗಳಲ್ಲಿ ನಡೆದ ಬದಲಾವಣೆ ಒಂದೇ: ನೀರನ್ನು ಅಳೆದರು. ಅಲೆ, ಸೆಳೆವು, ಚಳಿ, ಗಾಳಿ ಇವುಗಳನ್ನು ಒಂದೊಂದಾಗಿ ತೆಗೆದುಹಾಕಿ, ಬೆಂಗಳೂರಿನ ಕೊಳವೂ ಟೋಕಿಯೋವಿನ ಕೊಳವೂ ಒಂದೇ ಆಗುವಂತೆ ಮಾಡಿದರು. ಹೀಗಾದ ಮೇಲೆಯೇ ಒಂದೂರಿನ ಈಜುಗಾರನನ್ನು ಅವನು ಎಂದೂ ಕಾಣದ ಇನ್ನೊಬ್ಬನೊಡನೆ ಹೋಲಿಸುವುದು ಸಾಧ್ಯವಾಯಿತು.

ಧುಮುಕುವ ಪಂದ್ಯದಲ್ಲಿ ಈ ಬದಲಾವಣೆಯ ಅರ್ಥವು ಇನ್ನೂ ಸ್ಫುಟವಾಗುತ್ತದೆ. ೩ ಮೀಟರು ಎತ್ತರದ ಪುಟಿಯುವ ಹಲಗೆಯಿಂದಲೂ ೧೦ ಮೀಟರು ಎತ್ತರದ ಅಲುಗದ ಕಟ್ಟೆಯಿಂದಲೂ ಹಾರುವವರಿಗೆ ತೀರ್ಪುಗಾರರು ಸೊನ್ನೆಯಿಂದ ಹತ್ತರವರೆಗೆ ಅಂಕಗಳನ್ನು ಕೊಡುವರು. ತೀರ ಹೆಚ್ಚಿನವನ್ನೂ ತೀರ ಕಡಮೆಯವನ್ನೂ ಬಿಟ್ಟು, ಉಳಿದುದನ್ನು ಆ ಹಾರಿಕೆಯ ಕಷ್ಟದ ಪ್ರಮಾಣದಿಂದ ಗುಣಿಸುವರು. ನೀರು ಸಿಡಿಯದಂತೆ ಒಳಸೇರುವವನೇ ಉತ್ತಮನು. ನಮ್ಮ ಹಳ್ಳಿಯ ಬಾವಿಯ ಕಟ್ಟೆಯಿಂದ ಮಂಡಿ ಕಟ್ಟಿಕೊಂಡು ಹಾರುವ ಹುಡುಗನಿಗೆ ಇದಕ್ಕೆ ನೇರ ವಿರುದ್ಧವಾದ ಆದರ್ಶ: ನೀರು ಮೇಲಿನ ಮೆಟ್ಟಿಲಿನವರೆಗೂ ಸಿಡಿದರೆ ಅವನಿಗೆ ಮರ್ಯಾದೆ.

೪

೧೯೫೧ರ ಮಾರ್ಚಿಯಲ್ಲಿ ಹೊಸದೆಹಲಿಯಲ್ಲಿ ಮೊದಲನೆಯ ಏಷ್ಯನ್ ಕ್ರೀಡಾಮೇಳವು ಜರುಗಿತು. ಭಾರತಕ್ಕೆ ಬಂದ ೧೫ ಚಿನ್ನದ ಪದಕಗಳಲ್ಲಿ ನಾಲ್ಕು ನೀರಿನಿಂದ ಬಂದುವು: ೧೦೦ ಮೀಟರು ಮುಕ್ತ ಈಜಿನಲ್ಲಿ ಸಚಿನ್ ನಾಗ್ ಗೆದ್ದುದು ಒಂದು, ಹಲಗೆಯಿಂದಲೂ ಕಟ್ಟೆಯಿಂದಲೂ ಧುಮುಕಿ ಕೆ. ಪಿ. ಠಕ್ಕರ್ ಗೆದ್ದುವು ಎರಡು; ವಾಟರ್ ಪೋಲೋ ತಂಡದ್ದು ಒಂದು. ಆ ಮೇಲೆ ಈಜಿನಲ್ಲಿ ಪದಕ ಬರಲು ೩೫ ವರ್ಷಗಳು ಬೇಕಾದುವು. ೧೯೮೬ರಲ್ಲಿ ಸಿಯೋಲಿನಲ್ಲಿ ಖಜಾನ್ ಸಿಂಗ್ ೨೦೦ ಮೀಟರು ಚಿಟ್ಟೆಯೀಜಿನಲ್ಲಿ ಬೆಳ್ಳಿಯನ್ನು ಪಡೆದನು. ೨೦೧೦ರಲ್ಲಿ ವೀರಧವಳ್ ಖಾಡೆಯೂ ೨೦೧೪ರಲ್ಲಿ ಸಂದೀಪ್ ಸೇಜ್ವಾಲನೂ ಕಂಚನ್ನು ಗೆದ್ದರು. ೨೦೨೩ರಲ್ಲಿ ಹಾಂಗ್‌ಝೌವಿನಲ್ಲಿ ಮುಗಿದ ಮೇಳದವರೆಗೆ ಲೆಕ್ಕ ಹಾಕಿದರೆ ಈಜಿನಲ್ಲಿ ಎರಡನೆಯ ಚಿನ್ನವು ಬಂದಿಲ್ಲ.

ಬೆಂಗಳೂರಿನಲ್ಲಿ ಅಳೆದ ಕೊಳಗಳೂ ಬಸವನಗುಡಿ ಈಜು ಕೇಂದ್ರದಂಥ ಸಂಸ್ಥೆಗಳೂ ಬೆಳೆದ ಮೇಲೆ ಕರ್ಣಾಟಕದ ಹೆಸರುಗಳು ಮುಂದೆ ಬಂದುವು. ನಿಶಾ ಮಿಲ್ಲೆಟ್ ೨೦೦೦ದಲ್ಲಿ ಸಿಡ್ನಿಗೂ, ಶಿಖಾ ಟಂಡನ್ ೨೦೦೪ರಲ್ಲಿ ಅಥೆನ್ಸಿಗೂ, ರೆಹಾನ್ ಪೂಂಚಾ ೨೦೦೮ರಲ್ಲಿ ಬೀಜಿಂಗಿಗೂ, ಗಗನ್ ಉಳ್ಳಾಲಮಠ ೨೦೧೨ರಲ್ಲಿ ಲಂಡನ್ನಿಗೂ ಹೋದರು. ೨೦೨೧ರಲ್ಲಿ ಶ್ರೀಹರಿ ನಟರಾಜನು ರೋಮಿನಲ್ಲಿ ೧೦೦ ಮೀಟರು ಬೆನ್ನೀಜನ್ನು ೫೩.೭೭ ಸೆಕೆಂಡುಗಳಲ್ಲಿ ಮುಗಿಸಿ, ಟೋಕಿಯೋ ಮೇಳಕ್ಕೆ ಗೊತ್ತುಮಾಡಿದ್ದ ೫೩.೮೫ರ ಗಡಿಯನ್ನು ದಾಟಿದನು. ಒಂದು ಸೆಕೆಂಡಿನ ನೂರು ಪಾಲುಗಳಲ್ಲಿ ಎಂಟು ಪಾಲಿನ ಅಂತರವಿದು. ಕಣ್ಣು ರೆಪ್ಪೆ ಹೊಡೆಯುವುದಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹುಟ್ಟಿನಿಂದ ಎಡಗೈ ಪೂರ್ಣವಾಗಿ ಬೆಳೆಯದ ಶರತ್ ಗಾಯಕವಾಡನು ೨೦೧೪ರ ಇಂಚಿಯಾನಿನ ಏಷ್ಯನ್ ಪ್ಯಾರಾ ಮೇಳದಲ್ಲಿ ಆರು ಪದಕಗಳನ್ನು ಗೆದ್ದನು.

೨೦೨೪ರಲ್ಲಿ ಪ್ಯಾರಿಸಿನ ೨೦೦ ಮೀಟರು ಮುಕ್ತ ಈಜಿನಲ್ಲಿ ಬೆಂಗಳೂರಿನ ಧಿನಿಧಿ ದೇಸಿಂಘು ಭಾಗವಹಿಸಿದಳು. ಆಗ ಅವಳಿಗೆ ೧೪ ವರ್ಷ. ಭಾರತದ ತಂಡದಲ್ಲಿ ಅವಳೇ ಎಲ್ಲರಿಗಿಂತ ಕಿರಿಯಳು. ಕಾವ್ಯದ ಜಲಕೇಳಿಯಲ್ಲಿ ಸ್ತ್ರೀಯರು ಗುಂಪಾಗಿ, ಹೆಸರಿಲ್ಲದೆ, ದಡದಿಂದ ನೋಡುವ ಕವಿಯ ಕಣ್ಣಿಗೆ ಅಲಂಕಾರವಾಗಿ ಬರುವರು. ಇಲ್ಲಿ ಒಬ್ಬ ಹುಡುಗಿಯ ಹೆಸರೂ ಸಾಲಿನ ಸಂಖ್ಯೆಯೂ ಕಾಲವೂ ದಾಖಲೆಯಾಗುತ್ತವೆ. ಒಂದನ್ನು ಇನ್ನೊಂದರ ಮುಂದುವರಿಕೆಯೆಂದು ಹೇಳಿದರೆ ಈ ಅಂತರವು ಮರೆಯಾಗುತ್ತದೆ. ಜಲಕೇಳಿಯ ವರ್ಣನೆಯನ್ನು ಪಾಠಹೇಳುವ ಉಪಾಧ್ಯಾಯರು ಅದನ್ನು ಮರೆಮಾಡದಿರುವುದು ಯುಕ್ತ.

೫

ಇನ್ನು ಕುಂದಾಣದ ಕಡೆಗೆ ತಿರುಗಿದರೆ, ಯಲಹಂಕದಿಂದ ದೇವನಹಳ್ಳಿಗೆ ಹೋಗುವ ದಾರಿಯ ಸಮೀಪದಲ್ಲಿಯೇ ೨೦೧೭ರಲ್ಲಿ ತೆರೆದ ಪಡುಕೋಣೆ–ದ್ರಾವಿಡ್ ಕ್ರೀಡಾಕೇಂದ್ರದಲ್ಲಿ ೫೦ ಮೀಟರಿನ ಕೊಳವಿದೆ. ಇತ್ತ ಹಳ್ಳಿಗಳಲ್ಲಿ ಕೊಳವೆಬಾವಿಗಳು ಆಳಕ್ಕೆ ಹೋದಂತೆಲ್ಲ ತೆರೆದ ಬಾವಿಗಳು ಬತ್ತಿದುವು. ಬೆಂಗಳೂರಿನ ಕೊಳೆನೀರನ್ನು ಶುದ್ಧಿಮಾಡಿ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಯ ಕೆರೆಗಳಿಗೆ ಹರಿಸುವ ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಿಂದ ಕೆಲವು ಕೆರೆಗಳಲ್ಲಿ ಮತ್ತೆ ನೀರು ನಿಂತಿದೆ. ಅಂತರ್ಜಲಕ್ಕೆಂದು ತಂದ ಆ ನೀರು ಮಕ್ಕಳು ಇಳಿದು ಈಸುವುದಕ್ಕೆ ತಕ್ಕದ್ದಲ್ಲ. ಹೀಗೆ ಒಂದೇ ಸೀಮೆಯಲ್ಲಿ ಅಳೆದ ನೀರು ಬಂದಿತು, ಅಳೆಯದ ನೀರು ಹೋಯಿತು. ಅಳೆದ ನೀರಿಗೆ ಹಣವೂ ವಾಹನವೂ ಬೇಕು. ಸೊಂಟಕ್ಕೆ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಸಿಕೊಂಡು, ಅಣ್ಣನೋ ಮಾವನೋ ಕೈಹಿಡಿದು ಕಲಿಸುತ್ತಿದ್ದ ಈಜಿಗೆ ಇವೆರಡೂ ಬೇಕಾಗಿರಲಿಲ್ಲ. ಈಜು ಬಾರದ ಮಕ್ಕಳು ಮಳೆಗಾಲದಲ್ಲಿ ತುಂಬಿದ ಕೆರೆಗೂ ಕಲ್ಲುಗಣಿಯ ಹೊಂಡಕ್ಕೂ ಇಳಿದು ಪ್ರಾಣ ಕಳೆದುಕೊಳ್ಳುವ ವಾರ್ತೆಗಳನ್ನು ಓದುವಾಗ, ಕಳೆದುಹೋದುದು ಬರಿಯ ವಿನೋದವಲ್ಲವೆಂದು ತಿಳಿಯುತ್ತದೆ.

ಮೇಲಿನ ವಿಚಾರದಿಂದ ಮೂರು ಸಂಗತಿಗಳು ಸಿದ್ಧಿಸುತ್ತವೆ. ಕಾವ್ಯದ ಜಲಕೇಳಿಯು ಶೃಂಗಾರದ ಅಂಗ. ಅದಕ್ಕೂ ಇಂದಿನ ಪಂದ್ಯಕ್ಕೂ ವಂಶಸಂಬಂಧವಿಲ್ಲ. ಮಾನಸೋಲ್ಲಾಸದ ಸಲಿಲಶ್ರಮವು ಪಂದ್ಯಕ್ಕೆ ಹತ್ತಿರವಾದ ಬಂಧು, ಆದರೆ ಜನಕನಲ್ಲ. ಪಂದ್ಯವು ಅಳೆದ ನೀರಿನೊಡನೆ ಹೊರಗಿನಿಂದ ಬಂದುದು. ಅದನ್ನು ನಮ್ಮದಾಗಿಸಿಕೊಂಡ ಕೀರ್ತಿಯು ಈ ಕಾಲದ ಈಜುಗಾರರದೇ ಹೊರತು ಪೂರ್ವಿಕರದಲ್ಲ. ಪೂರ್ವಿಕರಿಂದ ನಮಗೆ ನಿಜವಾಗಿ ಬಂದ ಆಸ್ತಿ ಕೆರೆಬಾವಿಗಳ ಈಜು. ಅದರ ಬಗೆಗಳ ಹೆಸರುಗಳೂ, ಕಲಿಸುವ ಕ್ರಮವೂ, ಹಾರುವ ವಿಧಗಳ ಮಾತುಗಳೂ ಹಳೆಯ ತಲೆಮಾರಿನವರ ನೆನಪಿನಲ್ಲಿ ಇನ್ನೂ ಉಳಿದಿವೆ. ಊರೂರುಗಳಲ್ಲಿರುವ ಉಪಾಧ್ಯಾಯರು ತಮ್ಮ ತಮ್ಮ ಗ್ರಾಮದ ಹಿರಿಯರನ್ನು ಕೇಳಿ, ಆ ಮಾತುಗಳನ್ನು ಊರಿನ ಹೆಸರಿನೊಡನೆ ಬರೆದಿಟ್ಟರೆ, ನಿಘಂಟಿಗೂ ಚರಿತ್ರೆಗೂ ಉಪಕಾರವಾಗುವುದು. ಆ ಕೆಲಸವನ್ನು ಮುಂದಿನ ತಲೆಮಾರಿಗೆ ಬಿಡುವಂತಿಲ್ಲ. ಬಾವಿಯಲ್ಲಿ ಈಸಿ ಕಲಿತವರು ಆಗ ಇರುವುದಿಲ್ಲ.