ಮುಡಿ ಕೊಟ್ಟವರ ಕಥೆ

ಕೆಲವು ವರ್ಷಗಳ ಹಿಂದಿನ ಮಾತು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗಿ ಒಂದು ವಾರವಾಗಿತ್ತು. ಅರ್ಧ ವರ್ಷದಿಂದ ಶಾಲೆಗೆ ಬಾರದಿದ್ದ ಹುಡುಗಿಯೊಬ್ಬಳು ಅಂದು ತಲೆಗೆ ಬಟ್ಟೆ ಕಟ್ಟಿಕೊಂಡು ಬಂದು ಕೊನೆಯ ಸಾಲಿನಲ್ಲಿ ಕುಳಿತಳು. ಬಟ್ಟೆ ಜಾರಿದಾಗ ಬೋಳು ತಲೆ ಕಂಡಿತು. "ಎಲ್ಲಿ ಮುಡಿ ಕೊಟ್ಟೆ? ಬೆಟ್ಟದಲ್ಲಾ, ತಿರುಪತೀಲಾ?" ಎಂದು ಪಕ್ಕದವಳು ಕೇಳಿದಳು. "ಬೆಟ್ಟದಲ್ಲಿ" ಎಂದಳು ಇವಳು.

ಅದು ಸುಳ್ಳು. ಅವಳಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಬೆಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ಶಾಲೆಗೆ ಹೋಗಬಹುದು ಎಂದು ವೈದ್ಯರು ಹೇಳಿದ ಮೇಲೆ ಬಂದಿದ್ದಳು. ಈ ವಿಷಯ ತರಗತಿಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಹಾಗೆ ಹೇಳು ಎಂದು ಕಲಿಸಿಕೊಟ್ಟವರು ಅವಳ ತಾಯಿ. ಯಾಕಮ್ಮಾ ಎಂದು ಕೇಳಿದೆ. "ಮುಡಿ ಅಂದ್ರೆ ಕೈ ಮುಗೀತಾರೆ ಸಾರ್, ಕಾಯಿಲೆ ಅಂದ್ರೆ ದೂರ ಕೂರಿಸ್ತಾರೆ" ಎಂದರು.

ಆ ತಾಯಿಯ ಮಾತು ನನ್ನನ್ನು ಬಹಳ ದಿನ ಕಾಡಿತು. ಎರಡೂ ಬೋಳು ತಲೆಯೇ. ಒಂದಕ್ಕೆ ಗೌರವ, ಇನ್ನೊಂದಕ್ಕೆ ಅಂಜಿಕೆ. ಯಾಕೆ ಹೀಗೆ? ಇತಿಹಾಸ ಪಾಠ ಮಾಡುವ ಮೇಷ್ಟ್ರಿಗೆ ಪ್ರಶ್ನೆ ಹುಟ್ಟಿದರೆ ಹಿಂದಕ್ಕೆ ಹೋಗದೆ ವಿಧಿಯಿಲ್ಲವಲ್ಲ!

ದೇವರಿಗೆ ಕೊಟ್ಟ ಕೂದಲು

ನಾಟ್ರಾಂಪಾಳ್ಯದ ಸುತ್ತಮುತ್ತ 'ಬೆಟ್ಟ' ಅಂದರೆ ಒಂದೇ ಬೆಟ್ಟ. ಕಾವೇರಿಯ ಆಚೆ ದಡದ ಮಲೆ ಮಾದಪ್ಪನ ಬೆಟ್ಟ. ರಾಜ್ಯ ಬೇರೆಯಾದರೂ ದೇವರು ಬೇರೆಯಾಗಿಲ್ಲ. ಮಗುವಿಗೆ ಜ್ವರ ಬಂದರೆ, ಮಳೆ ಹೋದರೆ, ಹಸು ಕಳೆದರೆ ಮಾದಪ್ಪನಿಗೆ ಮುಡಿ ಹರಕೆ. ಹೆಣ್ಣು ಗಂಡೆಂಬ ಭೇದವಿಲ್ಲ, ಚಿಕ್ಕವರು ದೊಡ್ಡವರೆಂಬ ಭೇದವೂ ಇಲ್ಲ.

ತಿರುಮಲೆಯಲ್ಲಿ ಮುಡಿ ತೆಗೆಯುವ ಜಾಗಕ್ಕೆ ಕಲ್ಯಾಣಕಟ್ಟೆ ಎಂದು ಹೆಸರು. ಅದರ ಹಿಂದೊಂದು ಕಥೆಯುಂಟು. ವೆಂಕಟೇಶ್ವರನ ತಲೆಗೆ ಪೆಟ್ಟು ಬಿದ್ದು ಆ ಜಾಗದಲ್ಲಿ ಕೂದಲು ಹೋಯಿತಂತೆ. ಅದನ್ನು ಕಂಡ ನೀಳಾದೇವಿ ತನ್ನ ಕೂದಲನ್ನೇ ಕಿತ್ತು ಕೊಟ್ಟಳಂತೆ. ಅವಳ ನೆನಪಿಗೆ ಭಕ್ತರ ಮುಡಿ. ಕಥೆಯನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಅದರೊಳಗಿನ ಸಂಗತಿ ಗಮನಿಸಿ: ಗಾಯವಾಗಿ ಕೂದಲು ಕಳೆದುಕೊಂಡವನಿಗೆ ಇನ್ನೊಬ್ಬಳು ತನ್ನ ಕೂದಲು ಕೊಟ್ಟಳು. ಇದನ್ನು ಮುಂದೆ ಮತ್ತೆ ನೆನೆಯೋಣ.

ಕಿತ್ತುಕೊಂಡ ಕೂದಲು

ಇದೇ ನಾಡಿನಲ್ಲಿ ಬೋಳು ತಲೆ ಶಿಕ್ಷೆಯೂ ಆಗಿತ್ತು. ಬ್ರಾಹ್ಮಣರೇ ಮೊದಲಾದ ಕೆಲವು ಜಾತಿಗಳಲ್ಲಿ ಗಂಡ ಸತ್ತ ಹೆಣ್ಣಿನ ತಲೆ ಬೋಳಿಸುವ ಪದ್ಧತಿ ಇತ್ತು. ಬಾಲ್ಯವಿವಾಹದ ಕಾಲದಲ್ಲಿ ಹತ್ತು ಹನ್ನೆರಡರ ಹುಡುಗಿಯರಿಗೂ ಇದು ತಪ್ಪುತ್ತಿರಲಿಲ್ಲ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿ ಬಂದದ್ದು 1976ರಲ್ಲಿ. ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದ್ದು 1983ರಲ್ಲಿ. ಓದಿದವರಿಗೆ, ನೋಡಿದವರಿಗೆ ಆ ಸಂಕಟ ಗೊತ್ತಿದೆ.

ಇಲ್ಲೊಂದು ಹೆಚ್ಚು ಜನರಿಗೆ ಗೊತ್ತಿಲ್ಲದ ಘಟನೆ ಹೇಳಬೇಕು. 1890ರಲ್ಲಿ ಮುಂಬಯಿಯ ಕ್ಷೌರಿಕರು ನೂರಾರು ಮಂದಿ ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ತೀರ್ಮಾನಿಸಿದರು. ಅವರನ್ನು ಒಗ್ಗೂಡಿಸಿದವರು ಜೋತಿಬಾ ಫುಲೆಯವರ ಅನುಯಾಯಿ, ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆ. ಶಾಸ್ತ್ರ ಓದಿದವರಿಗೆ ಹೊಳೆಯದ ಕರುಣೆ ಕತ್ತಿ ಹಿಡಿದವರಿಗೆ ಹೊಳೆದಿತ್ತು!

ಅಂದರೆ ಬೋಳು ತಲೆಯಲ್ಲಿ ಮಾನವೂ ಇಲ್ಲ, ಅವಮಾನವೂ ಇಲ್ಲ. ಕೂದಲನ್ನು ತಾನಾಗಿ ಕೊಟ್ಟರೋ, ಬೇರೆಯವರು ಕಿತ್ತುಕೊಂಡರೋ ಎಂಬುದರ ಮೇಲೆ ಅದು ನಿಂತಿದೆ. ನಮ್ಮ ಹುಡುಗಿ ಕೊಟ್ಟವಳಲ್ಲ. ಅವಳಿಂದ ಕಾಯಿಲೆ ಕಿತ್ತುಕೊಂಡಿತ್ತು.

ಔಷಧಿ ತೆಗೆದ ಕೂದಲು

ನಿಜ ಹೇಳಬೇಕೆಂದರೆ ಕಾಯಿಲೆಯೂ ಅಲ್ಲ, ಔಷಧಿ. ಕ್ಯಾನ್ಸರ್ ಕಣಗಳು ಬೇಗ ಬೇಗ ಒಡೆದು ಬೆಳೆಯುತ್ತವೆ. ಕೀಮೋಥೆರಪಿ ಔಷಧಿಗಳು ಹಾಗೆ ಬೆಳೆಯುವ ಕಣಗಳನ್ನು ಕೊಲ್ಲುತ್ತವೆ. ಕೂದಲಿನ ಬುಡದ ಕಣಗಳದ್ದೂ ಅದೇ ಬೇಗದ ಬೆಳವಣಿಗೆ, ಹಾಗಾಗಿ ಅವೂ ಸಿಕ್ಕಿಬೀಳುತ್ತವೆ. ಚಿಕಿತ್ಸೆ ಆರಂಭವಾದ ಎರಡು ಮೂರು ವಾರಕ್ಕೆ ದಿಂಬಿನ ಮೇಲೆ, ಬಾಚಣಿಗೆಯಲ್ಲಿ ಹಿಡಿ ಹಿಡಿಯಾಗಿ ಕೂದಲು ಬರುತ್ತದೆ.

ಈ ಔಷಧಿಗಳಲ್ಲೊಂದು ವಿನ್‌ಕ್ರಿಸ್ಟಿನ್. ಅದರ ಮೂಲ ಯಾವುದು ಗೊತ್ತೇ? ನಮ್ಮ ಶಾಲೆಯ ಬೇಲಿಯ ಪಕ್ಕ ನೀರು ಹಾಕದಿದ್ದರೂ ಹೂ ಬಿಡುವ ನಿತ್ಯಪುಷ್ಪ! ತಮಿಳಿನಲ್ಲಿ ನಿತ್ಯಕಲ್ಯಾಣಿ. ಅದರಿಂದ ಬೇರ್ಪಡಿಸಿದ ಈ ಔಷಧಿಗೆ 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. (ಗಿಡವನ್ನು ಅರೆದು ಕುಡಿಯಲು ಹೋಗಬೇಡಿ, ಅದು ವಿಷ.)

ಇನ್ನೊಂದು ಔಷಧಿಯ ಕಥೆ ಮದರಾಸಿನವರೆಗೂ ಬರುತ್ತದೆ. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮದರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ 1923ರಲ್ಲಿ ಅಮೆರಿಕಕ್ಕೆ ಹೋದರು. ಲೆಡರ್ಲೆ ಕಂಪನಿಯಲ್ಲಿ ಅವರ ತಂಡ ತಯಾರಿಸಿದ ಅಮಿನಾಪ್ಟೆರಿನ್ ಎಂಬ ಔಷಧಿಯನ್ನು ಬೋಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಕೊಟ್ಟರು. 1948ರಲ್ಲಿ ಅವರು ಪ್ರಕಟಿಸಿದ ವರದಿಯಂತೆ 16 ಮಕ್ಕಳಲ್ಲಿ 10 ಮಂದಿ ಸ್ವಲ್ಪ ಕಾಲವಾದರೂ ಚೇತರಿಸಿಕೊಂಡರು. ಅಲ್ಲಿಯವರೆಗೆ ಆ ಕಾಯಿಲೆಯ ಮಕ್ಕಳು ಉಳಿಯುತ್ತಲೇ ಇರಲಿಲ್ಲ. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. ಆ ಔಷಧಿಯ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ನಮ್ಮ ಹುಡುಗಿ ವಾರಕ್ಕೊಮ್ಮೆ ನುಂಗುತ್ತಿದ್ದಳು.

ಜೊತೆಗಾಗಿ ಕೊಟ್ಟ ಕೂದಲು

ಔಷಧಿ ಸಿಕ್ಕರೆ ಸಾಲದು, ದುಡ್ಡೂ ಬೇಕು. 1948ರ ಮೇ ತಿಂಗಳಲ್ಲಿ ಫಾರ್ಬರ್ ಅವರ ಆಸ್ಪತ್ರೆಯ ಹುಡುಗನೊಬ್ಬನನ್ನು 'ಜಿಮ್ಮಿ' ಎಂಬ ಬದಲಿ ಹೆಸರಿನಲ್ಲಿ ರೇಡಿಯೋದಲ್ಲಿ ಮಾತಾಡಿಸಿದರು. ಕೇಳಿದ ಗುರಿ 20,000 ಡಾಲರ್, ಬಂದದ್ದು 2 ಲಕ್ಷಕ್ಕೂ ಹೆಚ್ಚು. ನಮ್ಮಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ತಂಗಿಯನ್ನು ಕ್ಯಾನ್ಸರಿನಿಂದ ಕಳೆದುಕೊಂಡ ದುಃಖದಲ್ಲಿ ಮೂವತ್ತು ವರ್ಷ ಹಟ ಬಿಡದೆ, ಊರೂರಿನವರ ಕಾಣಿಕೆ ಕೂಡಿಸಿ, 1954ರಲ್ಲಿ ಅಡ್ಯಾರ್ ಕ್ಯಾನ್ಸರ್ ಆಸ್ಪತ್ರೆ ತೆರೆದರು. ಆಗ ಇದ್ದದ್ದು 12 ಹಾಸಿಗೆ. 1955ರಲ್ಲಿ ಅಲ್ಲಿಗೆ ಸೇರಿದ ಡಾ. ವಿ. ಶಾಂತಾ 2021ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಆರಂಭವಾದದ್ದು 1973ರಲ್ಲಿ. ನಮ್ಮ ಗಡಿಯ ಎಷ್ಟೋ ಕುಟುಂಬಗಳಿಗೆ ಕನ್ನಡದಲ್ಲೇ ಕಷ್ಟ ಹೇಳಿಕೊಳ್ಳಬಹುದಾದ ಜಾಗ ಅದು.

ತಲೆ ಬೋಳಿಸಿಕೊಂಡು ದುಡ್ಡು ಕೂಡಿಸುವ ಪದ್ಧತಿ ಇತ್ತೀಚಿನದು. ಆಸ್ಟ್ರೇಲಿಯಾದಲ್ಲಿ 1998ರಿಂದ ಇಂಥದೊಂದು ಅಭಿಯಾನವಿದೆ. 2000ದ ಮಾರ್ಚ್ 17ರಂದು ನ್ಯೂಯಾರ್ಕಿನ ಮೂವರು ವಿಮಾ ಅಧಿಕಾರಿಗಳು 17 ತಲೆ ಬೋಳಿಸಿ 17,000 ಡಾಲರ್ ಕೂಡಿಸುವ ಲೆಕ್ಕ ಹಾಕಿದರು. ಒಂದು ಲಕ್ಷ ಡಾಲರ್ ದಾಟಿತು. ಅದೇ ಸೇಂಟ್ ಬಾಲ್ಡ್ರಿಕ್ಸ್ ಎಂಬ ದೊಡ್ಡ ಸಂಸ್ಥೆಯಾಯಿತು. ಕೇರಳದ ತ್ರಿಶೂರಿನ ಮಹಿಳಾ ಪೊಲೀಸ್ ಅಪರ್ಣಾ ಲವಕುಮಾರ್ 2019ರಲ್ಲಿ ತಮ್ಮ ಮಂಡಿಯುದ್ದದ ಕೂದಲನ್ನು ಪೂರ್ತಿ ತೆಗೆಸಿ ರೋಗಿಗಳ ವಿಗ್ಗಿಗೆ ಕೊಟ್ಟದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಈಗ ನೀಳಾದೇವಿಯ ಕಥೆ ನೆನೆಯಿರಿ. ಹೊಸದು ಎಂದುಕೊಂಡದ್ದು ಅಷ್ಟೇನೂ ಹೊಸದಲ್ಲ!

ನಮ್ಮ ತಲೆಗಳು

ಒಂದು ತಪ್ಪೊಪ್ಪಿಗೆ ಇದೆ. ಕಾಯಿಲೆ ಪತ್ತೆಯಾಗುವ ಮುಂಚೆ ಆ ಹುಡುಗಿ ತರಗತಿಯಲ್ಲಿ ತೂಕಡಿಸುತ್ತಿದ್ದಳು, ಕಾಲು ನೋವು ಎನ್ನುತ್ತಿದ್ದಳು. ನಾನು 'ಸೋಮಾರಿ' ಎಂದು ನಿಲ್ಲಿಸಿ ಬೈದಿದ್ದೆ. ಅದು ಮರೆಯುವಂಥದ್ದಲ್ಲ.

ಅವಳ ಚಿಕಿತ್ಸೆ ಇನ್ನೂ ಎರಡು ವರ್ಷದಷ್ಟಿತ್ತು. ಅಂಚೆಟ್ಟಿ, ಡೆಂಕಣಿಕೋಟೆ, ಹೊಸೂರು ದಾಟಿ ಬೆಂಗಳೂರಿಗೆ ಹೋಗಿ ಬರುವ ಬಸ್ ಖರ್ಚು, ತಾಯಿಯ ಎರಡು ದಿನದ ಕೂಲಿ ನಷ್ಟ. ಇಂಥ ಕಾರಣಕ್ಕೇ ಎಷ್ಟೋ ಮಕ್ಕಳ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ. ತಾಯಿಯನ್ನೂ ಹುಡುಗಿಯನ್ನೂ ಕೇಳಿ ಒಪ್ಪಿಸಿ, ತರಗತಿಗೆ ನಿಜ ಹೇಳಿದೆ. ಇದು ಅಂಟುವ ಕಾಯಿಲೆಯಲ್ಲ ಎಂದೂ ಹೇಳಿದೆ. ಆಮೇಲೆ ನಾನು ತಲೆ ಬೋಳಿಸಿಕೊಳ್ಳುತ್ತೇನೆ, ನೋಡಲು ಬಂದವರು ಕೈಲಾದದ್ದು ಹಾಕಲಿ ಎಂದೆ. ಏಳು ಹುಡುಗರು ಎದ್ದು ನಿಂತರು.

ಮನೆಯಲ್ಲಿ ತಾಯಿ ಒಪ್ಪಲಿಲ್ಲ. "ನಾನಿನ್ನೂ ಬದುಕಿದ್ದೀನಲ್ಲಪ್ಪಾ, ಯಾಕೆ ತಲೆ ಬೋಳಿಸ್ತೀಯಾ?" ಹುಡುಗರ ಮನೆಗಳಲ್ಲೂ ಅದೇ ಮಾತು. ಎರಡು ದಿನ ಬಿಟ್ಟು ಅಮ್ಮನೇ ದಾರಿ ಹೇಳಿದರು. "ಮಾದಪ್ಪನ ಹೆಸರು ಹೇಳಿ ತೆಗೆಸು, ಮೀಸೆ ಮುಟ್ಟಬೇಡ." ಅಷ್ಟೇ. ಎಲ್ಲ ಮನೆಗಳೂ ಒಪ್ಪಿದವು. ಊರಿನ ಸಲೂನಿನವರು ಶಾಲೆಗೇ ಬಂದು ಎಂಟು ತಲೆ ತೆಗೆದರು. ದುಡ್ಡು ಮುಟ್ಟಲಿಲ್ಲ, ಬದಲಿಗೆ ತಾವೇ 200 ರೂಪಾಯಿ ಹಾಕಿದರು. ನಮ್ಮ ಗಿಡ್ಡ ಕೂದಲು ವಿಗ್ಗಿಗೆ ಬರುವಂಥದ್ದಲ್ಲ. ಆದರೆ ಡಬ್ಬಿಯಲ್ಲಿ ಹತ್ತು ಸಾವಿರದ ಮೇಲೆ ಸೇರಿತು. ಹಲವು ತಿಂಗಳ ಬಸ್ ಖರ್ಚು.

ಮಾರನೆಯ ದಿನದಿಂದ ಗಣಿತ, ವಿಜ್ಞಾನ ಎರಡೂ ನಮ್ಮ ತಲೆಯ ಮೇಲೆ! ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ತಿಂಗಳ ಕೊನೆಗೆ ಸ್ಕೇಲ್ ಹಿಡಿದು ಒಂಬತ್ತು ತಲೆ ಅಳೆದು ಹಲಗೆಯ ಮೇಲೆ ಬರೆಯುತ್ತಿದ್ದೆವು. ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆ ಎಂಬ ನಂಬಿಕೆ ಸುಳ್ಳೆಂದು 1928ರಲ್ಲೇ ಮಿಲ್‌ಡ್ರೆಡ್ ಟ್ರಾಟರ್ ಎಂಬ ವಿಜ್ಞಾನಿ ತೋರಿಸಿದ್ದರು. ನನ್ನ ನೆತ್ತಿಯೂ ಅದನ್ನೇ ಸಾಬೀತು ಮಾಡಿತು! ಮೊದಮೊದಲು ಅವಳ ಅಳತೆ ಸೊನ್ನೆ. "ನನ್ನದು ಬರೀಬೇಡಿ ಸಾರ್" ಎಂದಳು. ಬರೆಯಲಿಲ್ಲ. ಮೂರನೆಯ ತಿಂಗಳು ತಾನೇ ಬಂದು ತಲೆ ಬಗ್ಗಿಸಿ ನಿಂತಳು. ಅರ್ಧ ಸೆಂಟಿಮೀಟರ್. ಮೊದಲು ನೇರವಾಗಿದ್ದ ಕೂದಲು ಸ್ವಲ್ಪ ಗುಂಗುರಾಗಿ ಬಂದಿತ್ತು, ಹಾಗೂ ಆಗುವುದುಂಟು. ಆ ದಿನದಿಂದ ಬಟ್ಟೆ ಕಟ್ಟಲಿಲ್ಲ.

ಈಗ ಅವಳ ಚಿಕಿತ್ಸೆ ಮುಗಿದಿದೆ. ತಪಾಸಣೆಗೆ ಮಾತ್ರ ಹೋಗಿ ಬರುತ್ತಾಳೆ. ಎರಡು ಜಡೆ ಹಾಕುತ್ತಾಳೆ.

ಶಿಕ್ಷಕ ಮಿತ್ರರೇ, ಪೋಷಕರೇ, ಎಲ್ಲರೂ ತಲೆ ಬೋಳಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಬಿಡದ ಜ್ವರ, ಬಿಳಿಚಿದ ಮುಖ, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆ, ಮೂಳೆ ನೋವು, ತೀರದ ಸುಸ್ತು ಕಂಡರೆ ಮಗುವನ್ನು ಬೈಯುವ ಮೊದಲು ಆಸ್ಪತ್ರೆಗೆ ಕಳಿಸಿ. ಚಿಕಿತ್ಸೆ ಅರ್ಧಕ್ಕೆ ಬಿಡಲು ಬಿಡಬೇಡಿ. ಬೋಳು ತಲೆಯ ಮಗು ತರಗತಿಗೆ ಬಂದರೆ ಅದು ಸುಳ್ಳು ಹೇಳಬೇಕಾದ ಸ್ಥಿತಿ ತರಬೇಡಿ. ಮುಡಿಗೆ ಕೈ ಮುಗಿಯುವ ನಾವು ಅಷ್ಟು ಮಾಡಲಾರೆವೇ?