ವಲಸಿಗರ ತಂದೆ ಸಂತ ಸ್ಕಾಲಾಬ್ರಿನಿ ಮತ್ತು ಪರದೇಶಕ್ಕೆ ಹೋದ ನಮ್ಮ ಮಕ್ಕಳು

ನಮ್ಮ ದೇವಾಲಯದ ಕಟ್ಟಡ, ಗಂಟೆ, ಬಲಿಪೀಠಗಳ ಚರಿತ್ರೆಯನ್ನು ಈ ಶತಮಾನೋತ್ಸವ ಸಂಚಿಕೆಯ ಬೇರೆ ಪುಟಗಳಲ್ಲಿ ಓದುವಿರಿ. ನಾವಾದರೋ ಆ ಕಲ್ಲುಗಳಿಗೆ ಹಣ ಕಳುಹಿಸಿದವರನ್ನು ನೆನೆಯಬಯಸುತ್ತೇವೆ. ಮೊದಲು ಮುಂಬಯಿಗೆ, 1970ರ ದಶಕದಿಂದೀಚೆಗೆ ಕೊಲ್ಲಿ ರಾಷ್ಟ್ರಗಳಿಗೆ ಹೋದ ಕರಾವಳಿಯ ಮಕ್ಕಳ ಬೆವರು ಈ ಗೋಡೆಗಳಲ್ಲಿದೆ. ಅವರು ಕಳುಹಿಸಿದ್ದನ್ನು ಸಂತೋಷದಿಂದ ಎಣಿಸಿದೆವು. ಆದರೆ ಹೊರಡುವ ಮುನ್ನ ಅವರು ಯಾರಿಗೆ ಎಷ್ಟು ತೆತ್ತರೆಂದು ಕೇಳಿದವರು ವಿರಳ. ಆ ಪ್ರಶ್ನೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗಟ್ಟಿಯಾಗಿ ಕೇಳಿದ ಧರ್ಮಾಧ್ಯಕ್ಷರೊಬ್ಬರ ಚರಿತ್ರೆಯನ್ನು ಇಲ್ಲಿ ಅರಿಕೆ ಮಾಡುತ್ತೇವೆ.

ಜೊವಾನ್ನಿ ಬತ್ತಿಸ್ತ ಸ್ಕಾಲಾಬ್ರಿನಿಯವರು 1839ರಲ್ಲಿ ಉತ್ತರ ಇಟಲಿಯಲ್ಲಿ ಜನಿಸಿ, 1876ರಲ್ಲಿ ಪಿಯಾಚೆಂಜದ ಧರ್ಮಾಧ್ಯಕ್ಷರಾದರು. ತಮ್ಮ ಧರ್ಮಪ್ರಾಂತ್ಯದ 365 ಧರ್ಮಕೇಂದ್ರಗಳನ್ನು ಐದು ಬಾರಿ ಸಂದರ್ಶಿಸಿದವರು ಅವರು. ಬಡತನ ತಾಳಲಾರದೆ ಜನ ಅಮೆರಿಕ ಖಂಡಕ್ಕೆ ಹೊರಟುಹೋಗುತ್ತಿದ್ದ ಕಾಲವದು. ಒಮ್ಮೆ ಮಿಲಾನ್ ರೈಲು ನಿಲ್ದಾಣದಲ್ಲಿ ಹಡಗು ಹಿಡಿಯಲು ಹೊರಟಿದ್ದ ನೂರಾರು ಬಡವರನ್ನು, ಮುದುಕರನ್ನು, ಕಂಕುಳ ಕೂಸಿನ ತಾಯಂದಿರನ್ನು ಅವರು ಕಂಡರು. ಆ ನೋಟ ಅವರನ್ನು ಬಿಡಲಿಲ್ಲ. 1887ರಲ್ಲಿ ವಲಸೆಯ ಕುರಿತು ಕಿರುಹೊತ್ತಿಗೆ ಪ್ರಕಟಿಸಿ, ಅದೇ ವರ್ಷ ವಲಸಿಗರ ಸೇವೆಗಾಗಿ ಗುರುಗಳ ಸಭೆಯೊಂದನ್ನು ಸ್ಥಾಪಿಸಿದರು.

ಕೇವಲ ಕರುಣೆ ಸಾಲದೆಂಬುದನ್ನು ಅವರು ಬಲ್ಲವರಾಗಿದ್ದರು. ಹಡಗಿನ ಕಂಪೆನಿಗಳು ತಲೆಗಿಷ್ಟೆಂದು ದಲ್ಲಾಳಿಗಳಿಗೆ ಹಣ ಕೊಡುತ್ತಿದ್ದವು. ದಲ್ಲಾಳಿಯ ಕೈಕೆಳಗಿನ ಉಪದಲ್ಲಾಳಿಗಳು ಹಳ್ಳಿಹಳ್ಳಿ ಸುತ್ತಿ, ಚಿನ್ನದ ನಾಡಿನ ಕಥೆ ಹೇಳಿ ಜನರನ್ನು ಹೊರಡಿಸುತ್ತಿದ್ದರು. ತಲೆ ಹೆಚ್ಚಿದಷ್ಟೂ ಲಾಭ. ಬ್ರೆಜಿಲಿನ ಕಾಫಿ ತೋಟದಲ್ಲಿ ಆ ಬಡವನ ಗತಿಯೇನೆಂಬುದು ಅವರ ಲೆಕ್ಕಕ್ಕಿರಲಿಲ್ಲ. 1888ರಲ್ಲಿ ಸರಕಾರವು ದಲ್ಲಾಳಿಗಳಿಗೆ ಪರವಾನಗಿ ನೀಡುವ ಕಾಯಿದೆ ತಂದಾಗ ಸ್ಕಾಲಾಬ್ರಿನಿಯವರು ವಿರೋಧಿಸಿದರು. ವಲಸೆ ಹೋಗುವ ಸ್ವಾತಂತ್ರ್ಯ ಬಡವನಿಗಿರಲಿ, ಅವನನ್ನು ಪುಸಲಾಯಿಸಿ ಹೊರಡಿಸುವ ಸ್ವಾತಂತ್ರ್ಯ ಲಾಭಕೋರನಿಗೆ ಬೇಡವೆಂಬುದೇ ಅವರ ವಾದದ ತಿರುಳು.

ವಾದದೊಂದಿಗೆ ಕಾರ್ಯವೂ ನಡೆಯಿತು. ಅವರ ಸಭೆಯ ಪಿಯೆತ್ರೊ ಮಾಲ್ದೊತ್ತಿ ಎಂಬ ಗುರುಗಳು ಜಿನೋವಾ ಬಂದರಿನಲ್ಲಿ ನಿಂತು, ವಲಸಿಗರನ್ನು ಸುಲಿಯುವ ಮೋಸಗಾರರೊಡನೆ ಹೋರಾಡಿದರು. ಕೊನೆಗೆ 1901ರ ಕಾಯಿದೆಯು ದಲ್ಲಾಳಿ, ಉಪದಲ್ಲಾಳಿಗಳ ಪದ್ಧತಿಯನ್ನೇ ತೆಗೆದುಹಾಕಿತು. ಹಡಗಿನ ಕಂಪೆನಿಗಳೇ ನೇರ ಹೊಣೆಗಾರರಾದವು. ಪ್ರಯಾಣಿಕನೊಬ್ಬನಿಗೆ 8 ಲೀರಾದಂತೆ ವಲಸಿಗರ ರಕ್ಷಣಾ ನಿಧಿಗೆ ಅವು ತೆರಬೇಕಾಯಿತು. 1905ರಲ್ಲಿ ದೈವಾಧೀನರಾದ ಸ್ಕಾಲಾಬ್ರಿನಿಯವರನ್ನು 2022ರ ಅಕ್ಟೋಬರ್ 9ರಂದು ಜಗದ್ಗುರು ಫ್ರಾನ್ಸಿಸ್‌ರವರು ಸಂತ ಪದವಿಗೇರಿಸಿದರು.

ಇಟಲಿಯ ಈ ಕಥೆ ನಮಗೆ ಹೊಸದಲ್ಲ. ಹಡಗು ಹೋಗಿ ವಿಮಾನ ಬಂದಿದೆ, ಅಷ್ಟೆ. ನಮ್ಮ ದೇಶದ 1983ರ ವಲಸೆ ಕಾಯಿದೆಯು ಕೆಲಸಕ್ಕೆ ಕಳುಹಿಸುವ ಏಜೆಂಟರು ನೋಂದಾಯಿತರಾಗಿರಬೇಕೆಂದು ವಿಧಿಸಿತು. ಅವರು ಪಡೆಯಬಹುದಾದ ಸೇವಾಶುಲ್ಕಕ್ಕೆ ನಿಯಮಗಳು 30,000 ರೂಪಾಯಿಗಳ ಮಿತಿ ಹಾಕಿದವು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ ಒಡಂಬಡಿಕೆ ಇನ್ನೂ ಮುಂದೆ ಹೋಗಿ, ನೇಮಕಾತಿಯ ಖರ್ಚನ್ನು ಕಾರ್ಮಿಕನಿಂದ ವಸೂಲು ಮಾಡಬಾರದೆಂಬುದನ್ನೇ ಸಾಮಾನ್ಯ ನಿಯಮವಾಗಿಸಿತು. ಕೆಲಸಗಾರ ಬೇಕಾದವನೇ ಅವನನ್ನು ಕರೆತರುವ ಖರ್ಚು ಹೊರಬೇಕು; ಇದೇ ನ್ಯಾಯ. ವಲಸೆಯು ಆರ್ಥಿಕ ಶೋಷಣೆಗೆ ಅವಕಾಶವಾಗಕೂಡದೆಂದು 1981ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರೂ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದ್ದರು.

ನಮ್ಮ ತಪ್ಪನ್ನೂ ಇಲ್ಲಿ ಮುಚ್ಚಿಡಲಾರೆವು. ಹಲವು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಏಜೆಂಟನೊಬ್ಬನು ಬಂದು ಕೊಲ್ಲಿಯಲ್ಲಿ ಕೆಲಸವಿದೆಯೆಂದು ಭಾನುವಾರದ ಬಲಿಪೂಜೆಯ ಕೊನೆಯಲ್ಲಿ ಪ್ರಕಟಿಸುವಂತೆ ಬೇಡಿದನು. ವಿಚಾರಿಸದೆ ಪ್ರಕಟಿಸಿದೆವು. ವಿಧವೆ ತಾಯಿಯೊಬ್ಬರು ಬಳೆಗಳನ್ನು ಅಡವಿಟ್ಟು ಮಗನನ್ನು ಕಳುಹಿಸಿದರು. ಹೇಳಿದ್ದು ಬಡಗಿಯ ಕೆಲಸ, ಕೊಟ್ಟದ್ದು ಹೊರೆ ಹೊರುವ ಕೆಲಸ, ಸಂಬಳ ಅರ್ಧ, ಪಾಸ್‌ಪೋರ್ಟು ಧಣಿಯ ಪೆಟ್ಟಿಗೆಯಲ್ಲಿ. ಸಾಲ ತೀರದೆ ಅವನು ಮರಳುವಂತಿರಲಿಲ್ಲ. ಆ ತಾಯಿ ನಮ್ಮನ್ನು ದೂರಲಿಲ್ಲ. "ಫಾದರ್, ನೀವು ಪೂಜೆಯಲ್ಲಿ ಹೇಳಿದಿರೆಂದು ಕೊಟ್ಟೆ" ಎಂದಷ್ಟೇ ಅಂದರು. ಬಳೆಗಳು ಮರಳಿ ಬರಲಿಲ್ಲ. ಸ್ಕಾಲಾಬ್ರಿನಿಯವರ ಗುರುಗಳು ಬಂದರಿನಲ್ಲಿ ದಲ್ಲಾಳಿಗೆ ಅಡ್ಡ ನಿಂತರು. ನಾವು ಅವನಿಗೆ ಬಲಿಪೀಠದ ಬಳಿಯಲ್ಲೇ ಜಾಗ ಕೊಟ್ಟೆವು.

ಆದುದರಿಂದ ಪ್ರಿಯ ಬಂಧುಗಳೇ, ನಾಯಕತ್ವವೆಂಬುದು ಮಂತ್ರಿಗಳಿಗೆ ಮಾತ್ರ ಸೇರಿದ್ದೆಂದು ತಿಳಿಯದಿರೋಣ. ಹೊರಡುವ ಮಗನ, ಮಗಳ ಕರಾರುಪತ್ರವನ್ನು ಬಲ್ಲವರಿಂದ ಓದಿಸಿರಿ. ಏಜೆಂಟನು ನೋಂದಾಯಿತನೇ ಎಂದು ವಿಚಾರಿಸಿರಿ. ರಸೀದಿಯಿಲ್ಲದೆ ಹಣ ಕೊಡದಿರಿ. ಪರದೇಶದಲ್ಲಿ ಉನ್ನತ ಹುದ್ದೆಗೇರಿದ, ಸ್ವಂತ ಉದ್ಯಮ ನಡೆಸುವ ನಮ್ಮವರಿಗೆ ವಿಶೇಷ ವಿನಂತಿ: ನಿಮ್ಮ ಕೈಕೆಳಗೆ ಬರುವವನು ಯಾರಿಗೆ ಎಷ್ಟು ಕೊಟ್ಟು ಬಂದನೆಂದು ಕೇಳಿರಿ, ಆ ಭಾರವನ್ನು ಸಂಸ್ಥೆಯೇ ಹೊರುವಂತೆ ಮಾಡಿರಿ, ಅವನ ಪಾಸ್‌ಪೋರ್ಟನ್ನು ಅವನ ಕೈಯಲ್ಲೇ ಇರಗೊಡಿರಿ. ದೇವಾಲಯಕ್ಕೆ ನೀವು ಕಳುಹಿಸುವ ಕಾಣಿಕೆಗಿಂತ ಇದು ದೊಡ್ಡ ಕಾಣಿಕೆ.

ಬಾಲಯೇಸುವನ್ನು ಎತ್ತಿಕೊಂಡು ಪರದೇಶವಾದ ಈಜಿಪ್ಟಿಗೆ ನಡೆದ ಪವಿತ್ರ ಕುಟುಂಬವು ದೂರದಲ್ಲಿ ದುಡಿಯುವ ನಮ್ಮ ಮಕ್ಕಳೆಲ್ಲರನ್ನೂ ಕಾಪಾಡಲಿ.