ಜೀವನಾಂಶ ತಾನಾಗಿ ಏರಲ್ಲ, ಕೇಳಬೇಕು

ನಮ್ಮೂರ ಕೋರ್ಟ್ ಕಥೆ – ಭಾಗ 4

ಅಪ್ಪ ಅಮ್ಮ ಬೇರೆಯಾದಾಗ ಮಗುವಿನ ಖರ್ಚಿಗೆ ತಿಂಗಳಿಗೆ ಇಷ್ಟು ಕೊಡಬೇಕು ಅಂತ ಕೋರ್ಟ್ ಆದೇಶ ಮಾಡುತ್ತೆ. ಅದೇ ಜೀವನಾಂಶ. ಮಗು ಅಂಗನವಾಡಿಗೆ ಹೋಗ್ತಿದ್ದಾಗ ಆದ ಆದೇಶ, ಅದು ಹೈಸ್ಕೂಲಿಗೆ ಬಂದಾಗ ಸಾಕಾಗುತ್ತಾ? ಈ ಪ್ರಶ್ನೆಗೆ ನೂರು ವರ್ಷಕ್ಕೂ ಹಳೇ ಇತಿಹಾಸ ಇದೆ.

1️⃣ ಬ್ರಿಟಿಷರ 1898ರ ಕ್ರಿಮಿನಲ್ ಪ್ರೊಸೀಜರ್ ಕೋಡ್. ಅದರ 488ನೇ ಕಲಂ ಪ್ರಕಾರ ಹೆಂಡತಿ ಮಕ್ಕಳನ್ನು ನೋಡಿಕೊಳ್ಳದವನಿಗೆ ಮ್ಯಾಜಿಸ್ಟ್ರೇಟ್ ಜೀವನಾಂಶ ಕಟ್ಟು ಅಂತ ಹೇಳಬಹುದಿತ್ತು. ಮದುವೆಯ ಹೊರಗೆ ಹುಟ್ಟಿದ ಮಗುವಿಗೂ ಈ ಹಕ್ಕು ಇತ್ತು. ಆದರೆ ಮಿತಿ? ಎಲ್ಲಾ ಸೇರಿ ತಿಂಗಳಿಗೆ 50 ರೂಪಾಯಿ! ಪಕ್ಕದ 489ನೇ ಕಲಂ, ಪರಿಸ್ಥಿತಿ ಬದಲಾದರೆ ಮೊತ್ತ ಬದಲಿಸಬಹುದು ಅಂತಿತ್ತು. ಆದರೆ ಆ ಮಿತಿ ದಾಟೋ ಹಾಗಿರ್ಲಿಲ್ಲ.

2️⃣ ಮಿತಿ 1923ರಲ್ಲಿ 100 ಆಯ್ತು, 1955ರಲ್ಲಿ 500 ಆಯ್ತು. ನಮ್ಮ ಮೈಸೂರು ರಾಜರ ಸಂಸ್ಥಾನವಾಗಿತ್ತು, ಹಾಗಾಗಿ ಈ ಕೋಡ್ ಇಲ್ಲಿಗೆ ಬಂದದ್ದು ಸ್ವಾತಂತ್ರ್ಯದ ನಂತರ, 1951ರಲ್ಲಿ.

3️⃣ 1973ರಲ್ಲಿ ಹೊಸ ಕೋಡ್ ಬಂತು. ಕಲಂ ನಂಬರ್ 125 ಮತ್ತು 127 ಆಯ್ತು, ಮಿತಿ ಮಾತ್ರ ಅದೇ 500. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಒಂದು ದಾರಿ ತೆಗೆದರು: 500 ಅನ್ನೋದು ಎಲ್ಲರಿಗೂ ಸೇರಿ ಅಲ್ಲ, ಒಬ್ಬೊಬ್ಬರಿಗೆ. ಆದರೂ ಕೇಂದ್ರದ ಕಾನೂನಿನಲ್ಲಿ ಆ 500 ಅಳಿದದ್ದು 2001ರಲ್ಲಿ. 1955ರಿಂದ ಲೆಕ್ಕ ಹಾಕಿ, 46 ವರ್ಷ! ಹಣದುಬ್ಬರದ ಪಾಠ ಓದಿರೋ ನಮಗೆ ಇದರ ಅರ್ಥ ಗೊತ್ತು. ಮೊತ್ತ ಅಷ್ಟೇ ಇದ್ದು ಬೆಲೆ ಏರಿದರೆ, ಮಗುವಿನ ತಟ್ಟೆಗೆ ಬರೋದು ವರ್ಷ ವರ್ಷ ಕಮ್ಮಿ.

4️⃣ ಈಗ ಮಿತಿ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಜೀವನಾಂಶ 144ನೇ ಕಲಂ, ಬದಲಾವಣೆ 146ನೇ ಕಲಂ. ಒಂದು ಉದಾಹರಣೆ: ಅಪ್ಪ ನಂಜನಗೂಡಿನ ಫ್ಯಾಕ್ಟರಿಯಲ್ಲಿ, ಅಮ್ಮ ಮಗು ತಿ. ನರಸೀಪುರದಲ್ಲಿ ಅಂದುಕೊಳ್ಳಿ. ಫೀಸು ಏರಿತು, ಮಗುವಿಗೆ ಕಾಯಿಲೆ ಬಂತು, ಅಪ್ಪನ ಸಂಬಳ ಹೆಚ್ಚಾಯ್ತು ಅಂದ್ರೆ ಅಮ್ಮ ಹೆಚ್ಚಿಸಿ ಅಂತ ಅರ್ಜಿ ಹಾಕಬಹುದು. ಅಪ್ಪನ ಕೆಲಸವೇ ಹೋದರೆ ಅವರೂ ಕಮ್ಮಿ ಮಾಡಿ ಅಂತ ಕೇಳಬಹುದು. ಬಾಯಿಮಾತು ಸಾಲದು. ಫೀಸು ರಸೀದಿ, ಆಸ್ಪತ್ರೆ ಬಿಲ್ಲು, ಸಂಬಳದ ಚೀಟಿ ಬೇಕು. 2020ರ ರಜನೀಶ್–ನೇಹಾ ತೀರ್ಪಿನ ನಂತರ ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು.

5️⃣ ತುಂಬಾ ಮುಖ್ಯ: ಕೋರ್ಟ್ ಬದಲಿಸೋವರೆಗೂ ಹಳೇ ಆದೇಶವೇ ಜಾರಿಯಲ್ಲಿರುತ್ತೆ. "ಕೆಲಸ ಹೋಯ್ತು, ಕೊಡಲ್ಲ" ಅಂತ ತಾವೇ ನಿಲ್ಲಿಸಿದರೆ ಬಾಕಿ ಬೆಳೆಯುತ್ತೆ, ಜೈಲೂ ಆಗಬಹುದು. ಬಾಕಿ ಬರಬೇಕಾದವರು ಸುಮ್ಮನೆ ಕೂರಬಾರದು: ಪ್ರತಿ ಕಂತಿನ ವಸೂಲಿಗೆ ಅದು ಬಾಕಿಯಾದ ದಿನದಿಂದ 1 ವರ್ಷದೊಳಗೆ ಅರ್ಜಿ ಹಾಕಬೇಕು.

ವಕೀಲರಿಗೆ ದುಡ್ಡಿಲ್ವಾ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಮಿತಿ ತೆಗೆಯೋಕೆ ದೇಶಕ್ಕೆ ನೂರು ವರ್ಷಕ್ಕೂ ಹೆಚ್ಚು ಬೇಕಾಯ್ತು. ಆದರೂ ಇವತ್ತಿಗೂ ಯಾರೂ ಕೇಳದಿದ್ದರೆ ಹಳೇ ಮೊತ್ತ ಹಾಗೇ ಉಳಿಯುತ್ತೆ. ನಿಮ್ಮ ಬೀದಿಯಲ್ಲಿ ಒಬ್ಬರೇ ಮಗು ಸಾಕ್ತಿರೋ ಅಕ್ಕ ಯಾರಾದ್ರೂ ಇದ್ರೆ ಇದನ್ನ ಓದಿ ಹೇಳಿ. ಸೇವ್ ಮಾಡಿ ಇಟ್ಕೊಳ್ಳಿ 🙏

#ಜೀವನಾಂಶ #ನಂಜನಗೂಡು #ತಿನರಸೀಪುರ #ನಮ್ಮೂರಕೋರ್ಟ್‌ಕಥೆ